ಬೆರಕಿ ಅಂದದ್ದು ಒಂದೇ ಸಲ

"ಆ ಸೊಸೆ ಕೆಟ್ಟವಳು ಅಂತ ಯಾರಂದ್ರು ನಿಮಗೆ?"

ಮಧುರಾಳ ದನಿಗೆ ಮೆಹದಿಪಟ್ಟಣಂನ ರೇಣುಕಕ್ಕನ ಮನೆಯೇ ಅವಳತ್ತ ತಿರುಗಿತು! ಭಾನುವಾರ ಸಂಜೆ ಆ ತೆಲುಗು ಊರಿನ ಹತ್ತಾರು ಕನ್ನಡಿಗರು ಅಲ್ಲಿ ಸೇರಿ, ವಾರವಿಡೀ ನೋಡಿದ ಧಾರಾವಾಹಿಯನ್ನು ಚಹಾದ ಜೊತೆ ಜಾಲಾಡುತ್ತಿದ್ದರು.

ಎದುರಿಗಿದ್ದ ಗುರುಶಾಂತ ರಾಯಚೂರಿನವನು, ರೈಲ್ವೆ ನೌಕರ.

"ಗಂಡನ್ನ ಉಳಿಸಾಕ ತಮ್ಮನ ಮ್ಯಾಲೆ ಸುಳ್ಳು ಸಾಕ್ಷಿ ಹೇಳಿದಾಕಿ ಒಳ್ಳ್ಯಾಕೇನ್ರಿ?"

"ಹೇಳಿ ಬಂದು ಒಬ್ಬಳೇ ಕೂತು ಅತ್ತಳಲ್ಲ, ಅದನ್ನ ನೋಡಲಿಲ್ವಾ?"

ಅವನು ತಲೆ ಕೆರೆದುಕೊಂಡ. "ನೋಡಿರಲಿಲ್ರಿ... ಸೋತೆ!"

ಸೋತೆ ಎಂದು ನಗುವ ಗಂಡಸನ್ನು ಅವಳು ಕಂಡದ್ದು ಅದೇ ಮೊದಲು! ಐದು ತಿಂಗಳಲ್ಲಿ ಐಟಿ ಕಂಪನಿಯಲ್ಲಿದ್ದ ಮಧುರಾಳಿಗೆ ಭಾನುವಾರವೆಂದರೆ ಅವನೇ ಆಗಿಬಿಟ್ಟ.

ಒಂದು ಸಂಜೆ ಅವನು ಹೆಮ್ಮೆಯಿಂದ ಅಂದ, "ಆ ಸೊಸಿ ಭಾಳ ಬೆರಕಿ ಬಿಡ್ರಿ... ನಮ್ಮ ಮಧುರಾ ಅವರ ಹಂಗ!"

ಬೆರಕೆ! ಸೊಸೆಯನ್ನು ಸೊಸಿ ಅನ್ನುವವನ ಬಾಯಲ್ಲಿ ಅವಳು ಕೇಳಿಸಿಕೊಂಡದ್ದು ಅದನ್ನೇ.

ಮಧುರಾಳ ಅಪ್ಪ ಮೈಸೂರಿನವರು, ಅಮ್ಮ ಬೇರೆ ಜಾತಿಯ ತೆಲುಗಿನವರು. ನೆಂಟರ ಬಾಯಲ್ಲಿ 'ಬೆರಕೆ ಹುಡುಗಿ' ಅನ್ನಿಸಿಕೊಂಡೇ ಬೆಳೆದವಳು. ಇವನೂ ಹಾಗೇ ಅಂದನಾ... ಅದೂ ಎಲ್ಲರೆದುರು?

ಎದ್ದು ಹೋದವಳು ಮತ್ತೆ ಬರಲಿಲ್ಲ. ಅವನ ಫೋನು ಎತ್ತಲಿಲ್ಲ. ಆಫೀಸಿನ ಗೇಟಿಗೆ ಬಂದು ನಿಂತವನನ್ನು ಕಂಡೂ ಕಾಣದಂತೆ ಹೋದಳು. ಅಯ್ಯೋ ಹುಚ್ಚಿ, ಏನಂದ್ರಿ ಅಂತ ಒಂದು ಮಾತು ಕೇಳಬಾರದಿತ್ತೇ?

ಎರಡು ವರ್ಷ ಕಳೆಯಿತು. ಯಾದಗಿರಿಯಿಂದ ಬಂದ ಹೊಸ ಸಹೋದ್ಯೋಗಿ ದಾನೇಶ್ವರಿ, ಯಾರ ಕಣ್ಣಿಗೂ ಬೀಳದ ತಪ್ಪೊಂದನ್ನು ಮಧುರಾ ಹಿಡಿದಾಗ ಬೆನ್ನು ತಟ್ಟಿದಳು.

"ಭಾಳ ಬೆರಕಿ ಅದೀ ನೋಡವಾ!"

"ಏನಂದೆ?"

"ಶಾಣ್ಯಾಕಿ, ಜಾಣಿ ಅಂದೆ. ನಮ್ಮ ಕಡಿ ಹಂಗ ಅಂತಾರ. ಅಯ್ಯ, ಯಾಕ ಅಳಾಕತ್ತೀ?"

ಆ ಭಾನುವಾರ ಅವಳು ರೇಣುಕಕ್ಕನ ಮನೆಗೆ ಓಡಿದಳು. ಗುರುಶಾಂತ ಬಾಗಿಲಲ್ಲೇ ಸಿಕ್ಕ. ತಾನು ಕೇಳಿಸಿಕೊಂಡದ್ದೇನು, ತಿಳಿದುಕೊಂಡದ್ದೇನು, ಎಲ್ಲವನ್ನೂ ಬಿಕ್ಕುತ್ತಾ ಹೇಳಿದಳು.

"ನಿಮ್ಮನ್ನ ಪ್ರೀತಿಸಿದ್ದೆ ಗುರುಶಾಂತ್... ಈಗಲೂ."

ಅವನ ಕೈಯಲ್ಲಿ ಲಗ್ನಪತ್ರಿಕೆಗಳಿದ್ದವು. ಅವನದೇ ಹೆಸರು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ?

"ನಾನೂ ಭಾಳ ಕಾದೆ ಮಧುರಾ... ಅವ್ವ ಮಾತು ಕೊಟ್ಟಾಳ. ಆ ಹುಡುಗಿದು ಏನ್ ತಪ್ಪೈತಿ ಹೇಳ್ರಿ?"

"ಏನೂ ಇಲ್ಲ. ತಪ್ಪು ನಂದು."

ಕಣ್ಣೊರೆಸಿಕೊಂಡು ಅವಳು ಕೈ ಚಾಚಿದಳು. "ನನಗೂ ಒಂದು ಪತ್ರಿಕೆ ಕೊಡಿ. ಮದುವೆಗೆ ಬರ್ತೀನಿ."

ಅವನು ಪತ್ರಿಕೆಗಳ ಕಟ್ಟನ್ನು ಎದೆಗೊತ್ತಿಕೊಂಡ.

"ಬ್ಯಾಡ್ರಿ... ನೀವು ಎದುರಿಗೆ ಕುಂತ್ರ, ನನಗ ತಾಳಿ ಕಟ್ಟಾಕ ಆಗಂಗಿಲ್ಲ."