ಗಡಿಗೆಯ ತಳದ ಹಿಡಿ ಅಕ್ಕಿ

ಬೆಟ್ಟಗಳು ಇನ್ನೂ ಒಂದರ ಜೊತೆ ಒಂದು ಮಾತಾಡುತ್ತಿದ್ದ ಕಾಲ ಅದು. ಆ ಕಾಲದಲ್ಲಿ ತುಂಬೆಗಿರಿ ಅಂತ ಒಂದು ರಾಜ್ಯ. ಅಲ್ಲಿಗೆ ಮಾರಭೂಪ ಅಂತ ಒಬ್ಬ ರಾಜ. ರಾಜನಿಗೆ ಜಾಕವ್ವೆ ಅಂತ ರಾಣಿ. ಇಬ್ಬರಿಗೂ ಒಬ್ಬಳೇ ಮಗಳು, ಕೇತಲೆ.

ಬೇರೆ ರಾಜ್ಯದ ರಾಣಿಯರು ಕೊರಳಿಗೆ ಮುತ್ತು ಹಾಕಿಕೊಂಡರೆ ಜಾಕವ್ವೆ ಸೊಂಟಕ್ಕೆ ಉಗ್ರಾಣದ ಬೀಗದ ಕೈ ಸಿಕ್ಕಿಸಿಕೊಳ್ಳುತ್ತಿದ್ದಳು. ಅರಮನೆಯಲ್ಲಿ ನೂರು ಜನ ಆಳುಗಳಿದ್ದರೂ ದಿನಾ ಬೆಳಗ್ಗೆ ಅಕ್ಕಿ ಅಳೆದು ಕೊಡುವವಳು ಅವಳೇ. ಎಷ್ಟೇ ಕೆಲಸವಿರಲಿ, ಮಗಳು ಎದುರಾದರೆ ಅವಳ ಮೊದಲ ಮಾತು ಒಂದೇ. “ಉಂಡೆಯಾ ಮಗಳೇ?” ಬೈಯುವುದಿದ್ದರೂ ಅದನ್ನು ಕೇಳಿಯೇ ಬೈಯುವಳು.

ಉಗ್ರಾಣದ ನಡುವೆ ಏಳು ಗಡಿಗೆಗಳ ಅಡಕಲು ಇತ್ತು. ದೊಡ್ಡದು ಕೆಳಗೆ, ಅದರ ಮೇಲೆ ಅದಕ್ಕಿಂತ ಸಣ್ಣದು, ಅದರ ಮೇಲೆ ಇನ್ನೂ ಸಣ್ಣದು, ಹೀಗೆ ಏಳು. ಎಲ್ಲಕ್ಕಿಂತ ಕೆಳಗಿನ ಗಡಿಗೆಯಲ್ಲಿ ಅಕ್ಕಿ. ಆ ಸೀಮೆಯಲ್ಲಿ ಒಂದು ಪದ್ಧತಿ: ಅಕ್ಕಿಯ ಗಡಿಗೆಯನ್ನು ಯಾವತ್ತೂ ಪೂರ್ತಿ ಬರಿದು ಮಾಡಬಾರದು. ತಳದಲ್ಲಿ ಒಂದು ಹಿಡಿ ಬಿಟ್ಟು, ಹೊಸ ಅಕ್ಕಿಯನ್ನು ಅದರ ಮೇಲೆ ಸುರಿಯಬೇಕು. ಹಾಗೆ ಮಾಡಿದರೆ ಮನೆಗೆ ಕೊರತೆ ಬಾರದು ಅಂತ ಎಲ್ಲರ ನಂಬಿಕೆ. ಜಾಕವ್ವೆ ಮಾತ್ರ ವರ್ಷಕ್ಕೊಂದು ದಿನ ಬಾಗಿಲು ಹಾಕಿಕೊಂಡು ಆ ಗಡಿಗೆಗೆ ಇನ್ನೂ ಏನೋ ಮಾಡುತ್ತಿದ್ದಳು. ಅದೇನು ಅಂತ ಮಗಳಿಗೆ ಹೇಳಿಕೊಡುವ ಮೊದಲೇ ಅವಳಿಗೆ ಜ್ವರ ಬಂತು. ಮೂರು ದಿನ ಮಲಗಿದಳು. ನಾಲ್ಕನೆಯ ದಿನ ಬೀಗದ ಕೈ ಕೇತಲೆಯ ಸೊಂಟಕ್ಕೆ ಬಂತು, ಜಾಕವ್ವೆ ಮಣ್ಣಿಗೆ ಹೋದಳು.

ಹನ್ನೊಂದನೆಯ ದಿನ ಅರಮನೆಯ ಬಾಗಿಲಿಗೆ ಒಬ್ಬ ಬಂದ. ಸೌದೆ ಕಡ್ಡಿಯಂತೆ ಬಡಕಲು, ಮೈತುಂಬ ಬೂದಿ. ಜನ ಅವನಿಗೆ ಒಣಕಲಯ್ಯ ಅಂತ ಹೆಸರಿಟ್ಟರು. ಅವನು ಅಳುತ್ತಿದ್ದ ಕೇತಲೆಯ ಮುಂದೆ ಕೂತು, ನಿಮ್ಮವ್ವ ಎಲ್ಲಿಗೂ ಹೋಗಿಲ್ಲ, ಅವಳ ಕೈ ತಾಗಿದ ಕಾಳಿನಲ್ಲೇ ಇದ್ದಾಳೆ, ಕೆಳಗಿನ ಗಡಿಗೆಗೆ ಕಿವಿ ಕೊಟ್ಟು ನೋಡು ಅಂದ. ಕೇತಲೆ ಕಿವಿ ಕೊಟ್ಟಳು. ಒಳಗಿನಿಂದ ಅವ್ವನ ದನಿ ಬಂತು. “ಮಗಳೇ, ನಾನು ಇಲ್ಲೇ ಇದ್ದೀನಿ.”

ಪಾಪ, ಇನ್ನೇನು ಮಾಡಿಯಾಳು. ಅವನು ಹೇಳಿದ್ದಕ್ಕೆಲ್ಲ ಹೂಂ ಅಂದಳು. ಉಗ್ರಾಣದಲ್ಲಿ ಇರುವ ಯಾವುದನ್ನೂ ಹೊರಗೆ ಹಾಕಬಾರದು, ಬಿಸಿಲಿಗೆ ಒಡ್ಡಬಾರದು, ತಳದ ಹಿಡಿಯನ್ನಂತೂ ಮುಟ್ಟಲೇಬಾರದು. ಉಗ್ರಾಣದಲ್ಲಿ ಕಾಳು ಕೇರುವ ಈರಜ್ಜಿ ಅಡ್ಡ ಬಂದು ಏನೋ ಹೇಳಲು ಬಾಯಿ ತೆರೆದಳು. ಅವ್ವನ ವಸ್ತು ಮುಟ್ಟಿದರೆ ನೋಡು ಅಂತ ಕೇತಲೆ ಅವಳನ್ನು ಅರಮನೆಯಿಂದಲೇ ಕಳಿಸಿಬಿಟ್ಟಳು.

ಒಂದು ವರ್ಷ ಹೋಯಿತು. ಹಳೆಯ ಅಕ್ಕಿಯ ಮೇಲೆ ಹೊಸ ಅಕ್ಕಿ ಬಿತ್ತು. ಹಳೆಯ ಚೀಲದ ಮುಂದೆ ಹೊಸ ಚೀಲ ನಿಂತಿತು. ಉಗ್ರಾಣದಲ್ಲಿ ಕಾಲಿಡಲು ಜಾಗವಿಲ್ಲ, ಆದರೆ ಬೇಕೆಂದದ್ದು ಒಂದೂ ಕೈಗೆ ಸಿಗದು. ಬೆಲ್ಲ ಎಲ್ಲಿ ಅಂದರೆ ಮೆಂತ್ಯ ಸಿಗುವುದು, ಮೆಂತ್ಯ ಎಲ್ಲಿ ಅಂದರೆ ಜಿರಲೆ ಸಿಗುವುದು. ಎಲ್ಲಕ್ಕೂ ಮುಗ್ಗು ವಾಸನೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಆ ಉಗ್ರಾಣದ ಅನ್ನ ಉಂಡವರಿಗೆ ಹೊಟ್ಟೆ ತುಂಬುತ್ತಿರಲಿಲ್ಲ. ರಾಜ ಮೂರು ಹೊತ್ತು ಉಂಡೂ ಸೊರಗಿದ. ಕಿರೀಟ ಹಣೆಯಿಂದ ಜಾರಿ ಮೂಗಿನ ಮೇಲೆ ಕೂರುವಷ್ಟು ಸೊರಗಿದ. ಅರಮನೆಯ ಜಗಲಿಯಲ್ಲೇ ಬೀಡುಬಿಟ್ಟಿದ್ದ ಒಣಕಲಯ್ಯ ಮಾತ್ರ ಏನೂ ಉಣ್ಣದೆ ದಪ್ಪಗಾದ. ಹೆಸರು ಒಣಕಲಯ್ಯ, ಕೂತರೆ ಎರಡು ಮಣೆ ಬೇಕು.

ವೈದ್ಯ ಬಂದು ನಾಡಿ ಹಿಡಿದ. ರೋಗವಿಲ್ಲ, ಉಣ್ಣುವ ಅನ್ನದಲ್ಲಿ ಅನ್ನವಿಲ್ಲ, ಬರುವ ಹುಣ್ಣಿಮೆಯನ್ನು ರಾಜರು ನೋಡುವುದು ಕಷ್ಟ ಅಂದುಬಿಟ್ಟ. ಅವತ್ತು ಊಟಕ್ಕೆ ಕೂತಾಗ ರಾಜ ಎಲೆಯಿಂದ ಆಚೆ ಬಿದ್ದ ಅಗುಳನ್ನು ಒಂದೊಂದಾಗಿ ಹೆಕ್ಕಿ ಬಾಯಿಗೆ ಹಾಕಿಕೊಂಡ. ಆಮೇಲೆ ತಲೆ ತಗ್ಗಿಸಿ, “ಇನ್ನೊಂದು ಚೂರು ಇದೆಯಾ ಮಗಳೇ?” ಅಂತ ಕೇಳಿದ.

ಕೇತಲೆ ಆ ಮಾತು ಕೇಳಿದವಳೇ ನೇರ ಈರಜ್ಜಿಯ ಗುಡಿಸಲಿಗೆ ನಡೆದಳು.

“ಬಂದೆಯಾ ತಾಯಿ,” ಅಂದಳು ಈರಜ್ಜಿ. “ಮೊರ ಗೋಡೆಗೆ ನೇತುಹಾಕಿ ವರ್ಷ ಆಯಿತು. ನಾನೂ ಅದರ ಪಕ್ಕದಲ್ಲೇ ನೇತಾಡುತ್ತಿದ್ದೀನಿ.”

ಕೇತಲೆ ಅಜ್ಜಿಯ ಕಾಲ ಹತ್ತಿರ ಕೂತು ಎಲ್ಲ ಹೇಳಿದಳು. ಈರಜ್ಜಿ ಎಲ್ಲ ಕೇಳಿಸಿಕೊಂಡು, ಆ ಒಣಕಲಯ್ಯ ಸಾಧು ಅಲ್ಲ, ಮಾಯಗಾರ ಅಂದಳು. ಅವನ ಜೀವ ಅವನ ಎದೆಯಲ್ಲಿಲ್ಲ, ಒಂದು ನುಸಿಯಲ್ಲಿದೆ, ಆ ನುಸಿ ಗಡಿಗೆಯ ತಳದ ಹಿಡಿ ಅಕ್ಕಿಯಲ್ಲಿದೆ. ಜಾಕವ್ವೆ ವರ್ಷಾ ವರ್ಷಾ ಆ ಹಿಡಿಯನ್ನು ಹೊರಗೆ ತೆಗೆದು, ಗಡಿಗೆ ತೊಳೆದು ಒಣಗಿಸಿ, ಹೊಸ ಅಕ್ಕಿ ಮೊದಲು ಸುರಿದು ಹಳೆಯದನ್ನು ಮೇಲೆ ಹಾಕುತ್ತಿದ್ದಳು. ತಳದಲ್ಲಿ ನುಸಿಗೆ ನೆಲೆ ಸಿಗುತ್ತಿರಲಿಲ್ಲ, ಅದಕ್ಕೇ ಅವಳಿರುವ ತನಕ ಅವನು ಊರೊಳಗೆ ಕಾಲಿಡಲಿಲ್ಲ.

“ಮೂರು ರಾಶಿ ಮಾಡು,” ಅಂದಳು ಈರಜ್ಜಿ, ಮೊರ ಕೈಗೆ ಕೊಡುತ್ತಾ. “ಹಂಚೋದು ಒಂದು, ಮಣ್ಣಿಗೆ ಹಾಕೋದು ಒಂದು, ಉಣ್ಣೋದು ಒಂದು. ನಾಲ್ಕನೇ ರಾಶಿ ಮಾಡಬೇಡ. ಆಮೇಲೆ ನೋಡೋಣ ಅಂತ ಎತ್ತಿಡುತ್ತೀವಲ್ಲ, ಆ ರಾಶಿಯಲ್ಲೇ ಅವನ ಸೈನ್ಯ ಇರೋದು.”

“ತಳದ ಹಿಡಿ ತೆಗೆದರೆ ಅವ್ವನ ದನಿ?”

ಈರಜ್ಜಿ ಮೊರದ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು.

“ಹೋಗುತ್ತೆ ಮಗಾ,” ಅಂದಳು.

ಮೊದಲನೆಯ ದಿನ ಕೇತಲೆ ಉಗ್ರಾಣದ ಬಾಗಿಲು ತೆರೆದಳು. ಚೀಲಗಳ ಮೇಲೆ ಹಂದಿಯಷ್ಟು ದೊಡ್ಡ ಹೆಗ್ಗಣ ಕೂತಿತ್ತು. “ನಾಳೆ ಬರ ಬಂದರೆ ಏನು ಮಾಡುತ್ತೀಯ?” ಅಂತ ಕೇಳಿತು. ಕೇತಲೆ ಒಂದು ವರ್ಷಕ್ಕೆ ಬೇಕಾದ ರಾಗಿ, ಜೋಳ, ಬೇಳೆ ಅಳೆದು ಬದಿಗಿಟ್ಟಳು. ಉಳಿದದ್ದನ್ನು ಅಂಗಳದಲ್ಲಿ ಹರವಿ, ಬೇವಿನ ಸೊಪ್ಪು ಹಾಕಿ ಬಿಸಿಲು ಕಾಣಿಸಿದಳು. ಬಿಸಿಲು ಕಂಡ ಕಾಳಿಗೆ ಜೀವ ಬಂತು. ಊರಿನವರನ್ನು ಕರೆದು ಮೊರದಲ್ಲಿ ತುಂಬಿ ತುಂಬಿ ಕೊಟ್ಟಳು. ಒಂದು ಚೀಲ ಖಾಲಿಯಾದರೆ ಹೆಗ್ಗಣ ನಾಯಿಯಷ್ಟಾಯಿತು, ಹತ್ತು ಖಾಲಿಯಾದರೆ ಬೆಕ್ಕಿನಷ್ಟಾಯಿತು, ಕೊನೆಯ ಚೀಲಕ್ಕೆ ಬೆರಳುದ್ದ ಇಲಿಯಾಗಿ ಬಚ್ಚಲ ತೂಬಿನಲ್ಲಿ ನುಗ್ಗಿ ಓಡಿಹೋಯಿತು. ಆಚೆ ಜಗಲಿಯಲ್ಲಿ ಕೂತಿದ್ದ ಒಣಕಲಯ್ಯನಿಗೆ ಒಂದು ಮಣೆಯೇ ಸಾಕಾಯಿತು.

ಎರಡನೆಯ ದಿನ ಗೂಡುಗಳ ಸರದಿ. ಗೋಡೆ ತುಂಬ ಭರಣಿಗಳು, ಅವುಗಳ ಮೇಲೆ ಗಾಡಿಚಕ್ರದಷ್ಟು ದೊಡ್ಡ ಜೇಡ ಬಲೆ ನೇಯ್ದು ಕೂತಿತ್ತು. “ಇವೆಲ್ಲ ಬೇರೆ ರಾಜರು ಕೊಟ್ಟ ಕಾಣಿಕೆ. ಎಸೆದರೆ ಅವರ ಮುಖ ನೋಡುವುದು ಹೇಗೆ?” ಅಂತ ಕೇಳಿತು. ಕೇತಲೆ ಒಂದೊಂದೇ ಮುಚ್ಚಳ ತೆಗೆದು ಮೂಸಿ ನೋಡಿದಳು. ಕಲ್ಲಾದ ಉಂಡೆ, ಕಮಟು ಹಿಡಿದ ತುಪ್ಪ, ಬೂಷ್ಟು ಬಂದ ಉಪ್ಪಿನಕಾಯಿ. ಹಿತ್ತಲಲ್ಲಿ ಗುಂಡಿ ತೋಡಿಸಿ ಎಲ್ಲ ಮಣ್ಣಿಗೆ ಹಾಕಿದಳು. ಒಂದು ಭರಣಿ ಖಾಲಿಯಾದರೆ ಬಲೆಯ ಒಂದು ಎಳೆ ಕಡಿಯುತ್ತಿತ್ತು. ಎಳೆ ಕಡಿಯುವ ಹುರುಪಿನಲ್ಲಿ ಕೈ ಓಡತೊಡಗಿತು. ಮೂಲೆಯ ಭರಣಿಯಲ್ಲಿ ಕಪ್ಪಗೆ ಮುದ್ದೆಯಾದದ್ದು ಏನೋ ಕಂಡಿತು. ಮೂಸದೆಯೇ ತೆಗೆದು ಗುಂಡಿಗೆ ಎಸೆದಳು.

ಜೇಡ ನಕ್ಕಿತು. ಕಡಿದ ಎಳೆಗಳೆಲ್ಲ ಮತ್ತೆ ಕೂಡಿಕೊಂಡು ಬಂದು ಕೇತಲೆಯ ಎರಡೂ ಕೈಗಳನ್ನು ಮೈಗೆ ಸುತ್ತಿದವು.

ಕೆಲಸ ನೋಡಲು ಬಂದು ಹಿತ್ತಲ ಕಟ್ಟೆಯ ಮೇಲೆ ಕೂತಿದ್ದ ಈರಜ್ಜಿ ಹಣೆ ಚಚ್ಚಿಕೊಂಡಳು. “ಹುಣಸೆ ಕಪ್ಪಾದರೆ ಕೆಟ್ಟಿತು ಅಂತ ನಿನಗೆ ಯಾವ ಪಂಡಿತ ಹೇಳಿದ ತಾಯಿ? ಮೂರು ವರ್ಷದ ಹುಣಸೆ ಅದು. ನಿನ್ನ ಬಾಣಂತನಕ್ಕೆ ಬೇಕಾಗುತ್ತೆ ಅಂತ ನಿಮ್ಮವ್ವ ಉಪ್ಪು ಹಾಕಿ ಮಿದ್ದು ಎತ್ತಿಟ್ಟದ್ದು.”

ಕೇತಲೆ ಕೈ ಕಟ್ಟಿದ ಹಾಗೇ ಗುಂಡಿಗೆ ಇಳಿದಳು. ಮೊಣಕಾಲೂರಿ ಬಗ್ಗಿ, ಹಲ್ಲಿನಲ್ಲಿ ಆ ಹುಣಸೆ ಮುದ್ದೆಯನ್ನು ಕಚ್ಚಿ ಮೇಲೆ ತಂದಳು. ಕಟ್ಟೆಯ ಮೇಲೆ ಇಟ್ಟು ನೋಡಿದರೆ ಅದರ ಮೇಲೆ ನಾಲ್ಕು ಬೆರಳಿನ ಗುರುತು. ಅವ್ವ ಒತ್ತಿ ಒತ್ತಿ ಉಂಡೆ ಕಟ್ಟಿದ ಬೆರಳುಗಳು. ಕಿರುಬೆರಳು ಸ್ವಲ್ಪ ಸೊಟ್ಟ. ಅವ್ವನ ಕಿರುಬೆರಳು ಸೊಟ್ಟ ಇದ್ದದ್ದು ಅವಳಿಗೆ ಮರೆತೇ ಹೋಗಿತ್ತು.

ಅವಳು ಅತ್ತಳು. ಹುಣಸೆಯ ಹುಳಿ ಬೆರೆತ ಕಣ್ಣೀರು ಗಲ್ಲದಿಂದ ಇಳಿದು ಬಲೆಯ ಮೇಲೆ ಬಿದ್ದಲ್ಲೆಲ್ಲ ಎಳೆ ಕರಗಿತು. ಜೇಡ ಒಣಗಿ ತರಗೆಲೆಯಂತೆ ಕೆಳಗೆ ಬಿತ್ತು. ಕೇತಲೆ ಹುಣಸೆಯನ್ನು ತೊಳೆದ ಭರಣಿಗೆ ಹಾಕಿ, ಕೈಗೆ ಸಿಗುವಲ್ಲಿ ಇಟ್ಟಳು.

ಮೂರನೆಯ ದಿನ ಅಡಕಲು. ಕೇತಲೆ ಮೇಲಿನ ಆರು ಗಡಿಗೆಗಳನ್ನು ಒಂದೊಂದಾಗಿ ಇಳಿಸಿದಳು. ಏಳನೆಯದರ ಒಳಗಿದ್ದ ಮೇಲಿನ ಅಕ್ಕಿಯನ್ನೆಲ್ಲ ಬಟ್ಟೆಯ ಮೇಲೆ ತೋಡಿ ಹಾಕಿದಳು. ತಳದ ಒಂದು ಹಿಡಿ ಉಳಿಯಿತು. ಅಲ್ಲಿ ಯಾವ ಮೃಗವೂ ಇರಲಿಲ್ಲ. ದನಿ ಮಾತ್ರ ಇತ್ತು.

“ಮಗಳೇ, ಕೈ ಹಾಕಬೇಡ. ಈ ಹಿಡಿ ಹೋದರೆ ನಾನು ಹೋದೆ.”

ಕೇತಲೆ ಗಡಿಗೆಯನ್ನು ತಬ್ಬಿಕೊಂಡು ಕೂತುಬಿಟ್ಟಳು. ಹೊತ್ತು ನೆತ್ತಿಗೆ ಬಂತು. ಅವಳ ಕೈ ಏಳಲಿಲ್ಲ. ಆಗ ಬಾಗಿಲಲ್ಲಿ ಕೋಲು ಊರಿಕೊಂಡು ಬರುವ ಸದ್ದಾಯಿತು. ರಾಜ, ಕೈಯಲ್ಲಿ ಬರಿ ತಟ್ಟೆ. ಎರಡು ಹೆಜ್ಜೆಗೆ ಒಂದು ಸಲ ಗೋಡೆ ಹಿಡಿಯುತ್ತಿದ್ದ. ಏನಾದರೂ ಇದೆಯಾ ಅಂತ ಕೇಳಿದ.

“ಇಲ್ಲ ಅನ್ನು,” ಅಂತು ಗಡಿಗೆಯ ದನಿ. “ಅವನನ್ನು ಕಳಿಸಿಬಿಡು.”

ಕೇತಲೆ ಗಡಿಗೆಯಿಂದ ಮೆಲ್ಲಗೆ ಕಿವಿ ತೆಗೆದಳು. ಒಂದು ವರ್ಷ ದಿನಾ ಬೆಳಗ್ಗೆ ಈ ದನಿ ಕೇಳಿದ್ದಳು. ಮುಟ್ಟಬೇಡ ಅಂದಿತ್ತು, ಎಸೆಯಬೇಡ ಅಂದಿತ್ತು, ನನ್ನನ್ನು ಮರೆಯಬೇಡ ಅಂದಿತ್ತು. ಒಂದು ಸಲವೂ ಉಂಡೆಯಾ ಅಂತ ಕೇಳಿರಲಿಲ್ಲ.

“ನೀನು ನಮ್ಮವ್ವ ಅಲ್ಲ,” ಅಂದಳು. “ನಮ್ಮವ್ವ ಮೊದಲು ಉಂಡೆಯಾ ಅಂತ ಕೇಳೋಳು.”

ಹಾಗಂದರೂ ಕೈ ಹಾಕುವುದು ಸುಲಭವಾಗಲಿಲ್ಲ. ಸುಳ್ಳಾದರೂ ಅವ್ವನ ದನಿ ತಾನೇ. ಕಣ್ಣು ಮುಚ್ಚಿಕೊಂಡು ಕೈ ಹಾಕಿದಳು. ಹಿಡಿ ಅಕ್ಕಿಯನ್ನು ಮೊರಕ್ಕೆ ಸುರಿದು, ಅಂಗಳಕ್ಕೆ ಒಯ್ದು ಬಿಸಿಲಲ್ಲಿ ಇಟ್ಟಳು. ಅಕ್ಕಿಯ ನಡುವಿಂದ ಒಂದು ಕರಿಯ ನುಸಿ ಎದ್ದು, ಮೊರದ ಮೇಲೆ ಬಿದ್ದಿದ್ದ ಕೇತಲೆಯ ನೆರಳಿಗೆ ಓಡಿಬಂದು ಕೂತಿತು.

ಜಗಲಿಯಿಂದ ಒಣಕಲಯ್ಯ ಬಿದ್ದು ಎದ್ದು ಓಡಿಬಂದ. ಮತ್ತೆ ಮೊದಲಿನಂತೆ ಕಡ್ಡಿಯಾಗಿದ್ದ. ಕೇತಲೆಯ ಮಾತು ಅವನ ಕಿವಿಗೆ ಬಿದ್ದಿತ್ತು. ಅಂಗಳದ ನಡುವೆ ನಿಂತು ಬಾಯಿ ತೆರೆದರೆ ಹೊರಬಂದದ್ದು ಜಾಕವ್ವೆಯ ದನಿ, ಒಂದಿಷ್ಟೂ ವ್ಯತ್ಯಾಸವಿಲ್ಲ.

“ಉಂಡೆಯಾ ಮಗಳೇ?”

ಅಂಗಳದಂಚಿನಲ್ಲಿ ನಿಂತಿದ್ದ ಈರಜ್ಜಿಯ ಕಣ್ಣಲ್ಲೂ ನೀರು ಬಂತು, ಅಷ್ಟು ಸರಿಯಾಗಿತ್ತು ದನಿ. ಕೇತಲೆ ಅಲ್ಲಾಡದೆ ನಿಂತಳು. ನುಸಿ ಅವಳ ನೆರಳಲ್ಲೇ ಇತ್ತು. ಇನ್ನೊಂದು ಸಲ ಕೇಳಲಿ, ಒಂದೇ ಒಂದು ಸಲ ಅಂತ ಅವಳ ಜೀವ ಎಳೆಯಿತು. ಬಾಗಿಲಲ್ಲಿ ಅಪ್ಪ ಬರಿ ತಟ್ಟೆ ಹಿಡಿದು ನಿಂತಿದ್ದ.

“ಇನ್ನೂ ಇಲ್ಲ ಅವ್ವಾ,” ಅಂದಳು. “ಉಣ್ಣೋದಕ್ಕೇ ಇದನ್ನ ಹೊರಗೆ ತೆಗೆದೆ.”

ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ನೆರಳೂ ಅವಳ ಜೊತೆ ಸರಿಯಿತು. ಬಿಸಿಲಿಗೆ ಬಿದ್ದ ನುಸಿ ಕಾಲು ಮಡಚಿತು. ಒಣಕಲಯ್ಯ ನಿಂತ ಜಾಗದಲ್ಲಿ ಹುಳ ತಿಂದ ಕಾಳಿನ ಹಿಟ್ಟಿನಂತೆ ಒಂದು ಬೊಗಸೆ ಪುಡಿ ಉಳಿಯಿತು. ಈರಜ್ಜಿ ಪೊರಕೆ ತಂದು ಗುಡಿಸಿ ಹಾಕಿದಳು.

ಕೇತಲೆ ಆ ಹಿಡಿ ಅಕ್ಕಿಯನ್ನು ಕೇರಿದಳು. ಟೊಳ್ಳೆಲ್ಲ ಹಾರಿಹೋಯಿತು. ಹನ್ನೊಂದು ಕಾಳು ಗಟ್ಟಿಯಾಗಿ ಉಳಿದವು. ಅದರಲ್ಲೇ ಗಂಜಿ ಕಾಯಿಸಿ ಅಪ್ಪನ ತಟ್ಟೆಗೆ ಬಡಿಸಿದಳು. ಕೊನೆಯ ಎರಡು ಅಗುಳನ್ನು ರಾಜ ಮಗಳ ಬಾಯಿಗೆ ಇಟ್ಟ. ತಟ್ಟೆ ಕೆಳಗಿಟ್ಟು, ಸಾಕು ಅಂದ. ಒಂದು ವರ್ಷದಲ್ಲಿ ಅವನು ಸಾಕು ಅಂದದ್ದು ಅದೇ ಮೊದಲು. ಆಮೇಲೆ ಜಾಕವ್ವೆಯ ಹೆಸರು ಹೇಳಿ, ಅದೂ ಒಂದು ವರ್ಷದಲ್ಲಿ ಮೊದಲ ಸಲ, ಗಟ್ಟಿಯಾಗಿ ಅತ್ತ.

ಗಡಿಗೆಯನ್ನು ತೊಳೆದು ಬಿಸಿಲಿಗೆ ಬೋರಲು ಹಾಕಿದರು. ಒಣಗಿದ ಮೇಲೆ ಕೇತಲೆ ಒಮ್ಮೆ ಕಿವಿ ಕೊಟ್ಟು ನೋಡಿದಳು. ಬರಿ ಗಡಿಗೆಯಲ್ಲಿ ಗಾಳಿ ಆಡುವ ಸದ್ದು, ಅಷ್ಟೇ. ಆಮೇಲೆ ಹೊಸ ಅಕ್ಕಿ ಸುರಿದಳು.

ಅವತ್ತಿನಿಂದ ತುಂಬೆಗಿರಿಯಲ್ಲಿ ಹೊಸ ಅಕ್ಕಿ ಬಂದರೆ ಹಳೆಯ ಹಿಡಿಯನ್ನು ಮೊದಲು ಹೊರಗೆ ತೆಗೆಯುತ್ತಾರೆ, ಹೊಸದನ್ನು ತುಂಬಿ ಹಳೆಯದನ್ನು ಮೇಲೆ ಹಾಕುತ್ತಾರೆ, ಮರುದಿನ ಅದನ್ನೇ ಮೊದಲು ಉಣ್ಣುತ್ತಾರೆ. ರಾಜನ ಮೈ ತುಂಬಿತು, ಕಿರೀಟ ಹಣೆಗೆ ಹತ್ತಿತು. ಈರಜ್ಜಿಯ ಮೊರ ಉಗ್ರಾಣಕ್ಕೆ ವಾಪಸು ಬಂತು, ಹಿಂದೆಯೇ ಈರಜ್ಜಿಯೂ ಬಂದಳು. ಕೇತಲೆಗೆ ಮದುವೆಯಾಯಿತು, ಮಗಳು ಹುಟ್ಟಿದಳು. ಬಾಣಂತನದಲ್ಲಿ ಆ ಕರಿ ಹುಣಸೆಯಿಂದಲೇ ಸಾರು ಮಾಡಿದರು. ಬೆರಳಿನ ಗುರುತು ಒಂದೊಂದಾಗಿ ಕರಗಿತು. ಸೊಟ್ಟ ಕಿರುಬೆರಳಿನ ಗುರುತಿದ್ದ ಚೂರು ಕೊನೆಗೆ ಉಳಿಯಿತು. ಕೇತಲೆ ಅದನ್ನು ತುಂಬ ಹೊತ್ತು ನೋಡಿ, ಅದನ್ನೂ ನೀರಿಗೆ ಹಾಕಿ ಕಿವುಚಿದಳು.

ಮಗು ಬೆಳೆಯಿತು, ಅಂಗಳದಲ್ಲಿ ಆಡತೊಡಗಿತು. ಒಂದು ದಿನ ಅದು ಮೈತುಂಬ ಮಣ್ಣು ಮಾಡಿಕೊಂಡು ಬಂದದ್ದನ್ನು ನೋಡಿ ಕೇತಲೆಗೆ ಸಿಟ್ಟು ಬಂತು. ಬೈಯಲು ಬಾಯಿ ತೆರೆದಳು.

“ಉಂಡೆಯಾ ಮಗಳೇ?” ಅಂತು ಬಾಯಿ.

ಬಿಸಿಲಿಗೆ ಕೂತು ಕಾಳು ಆರಿಸುತ್ತಿದ್ದ ಈರಜ್ಜಿ ತಲೆಯೆತ್ತಿ ನೋಡಿದಳು. ಕೇತಲೆ ಬಾಗಿಲ ಚೌಕಟ್ಟು ಹಿಡಿದು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಮಗುವಿನ ಕೈ ತೊಳೆಸಲು ಕರೆದುಕೊಂಡು ಹೋದಳು.

ತುಂಬೆಗಿರಿಯವರು ಉಂಡು ಸುಖವಾಗಿದ್ದರು. ಕತೆ ಕೇಳಿದವರೂ ಏಳಿ, ಅನ್ನ ಆರುತ್ತಿದೆ.