ಬೊಟ್ಟಿಲ್ಲದ ಕೆನ್ನೆ

"ಮೊಳೆ ಬೇಕಾದ್ರೂ ಹೊಡ್ಕೋ, ನಾನೇನೂ ಅನ್ನಲ್ಲ. ಆ ಮಗು ಕೆನ್ನೆ ಮೇಲಿರೋ ಬೊಟ್ಟು ಮಾತ್ರ ಒರೆಸ್ಬೇಡ ಕಣಮ್ಮ," ಎಂದರು ಓನರ್ ಮಂಗಮ್ಮ.

ಚಿಕ್ಕಲಸಂದ್ರದ ಆ ಬಾಡಿಗೆ ಮನೆಯ ಗೋಡೆಯಲ್ಲಿ ಹಳೆಯ ಚಿತ್ರವೊಂದಿತ್ತು. ನೀಲಿ ಮೇಲುಹೊದಿಕೆಯ ಮಾತೆ ಮರಿಯಮ್ಮ, ಮಡಿಲಲ್ಲಿ ಬಾಲಯೇಸು, ಹಿಂದೆ ಅಕ್ಕರೆಯಿಂದ ಬಾಗಿ ನಿಂತ ಜೋಸೆಫ್. ಇಟಲಿಯಲ್ಲಿ ಐನೂರು ವರ್ಷಗಳ ಹಿಂದೆ ಬರೆದದ್ದರ ನಕಲು. ಮಗುವಿನ ಕೆನ್ನೆಗೆ ಯಾರೋ ಕಾಡಿಗೆಯ ದೃಷ್ಟಿಬೊಟ್ಟು ಇಟ್ಟಿದ್ದರು. ಹಿಂದೆ ಇಲ್ಲಿದ್ದವಳು ಮಕ್ಕಳಿಲ್ಲದ ಹೊಟ್ಟೆಕಿಚ್ಚಿಗೆ ಆ ಚಿತ್ರಕ್ಕೆ ಮಾಟ ಮಾಡಿಸಿದ್ದಳಂತೆ. ಬೊಟ್ಟಿಲ್ಲದ ಆ ಮಗುವನ್ನು ನೋಡಿ ಯಾವ ತಾಯಿ ಕರುಬುತ್ತಾಳೋ, ಅವಳ ಮಗು ಚಿತ್ರದವಳ ಪಾಲಾಗುತ್ತದಂತೆ.

"ಪಟ ನೋಡಿ ಯಾರಾದ್ರೂ ಹೊಟ್ಟೆ ಉರ್ಕೋತಾರಾ ಆಂಟಿ?" ಲತಾಮಣಿ ನಕ್ಕಳು. ಡ್ರಾಯಿಂಗ್ ಟೀಚರ್ ಅವಳು. ಅಂಥ ಚಿತ್ರದ ಮೇಲೆ ಮಸಿ ಕಂಡು ತಡೆಯಲಾರದೆ, ಅಂದೇ ಒದ್ದೆ ಬಟ್ಟೆಯಲ್ಲಿ ಒರೆಸಿಬಿಟ್ಟಳು.

ಅವಳ ಮಗ ಪುಟ್ಟ ಆಗಲೇ "ಅಪ್ಪ" ಅನ್ನುತ್ತಿದ್ದ, ಕಾಗೆಯನ್ನು "ಕಾ ಕಾ" ಎಂದು ಕರೆಯುತ್ತಿದ್ದ. "ಅಮ್ಮ" ಮಾತ್ರ ಅಂದಿರಲಿಲ್ಲ. ಆ ಒಂದು ಮಾತಿಗಾಗಿ ಅವಳು ಕಾದೂ ಕಾದೂ ಸೋತಿದ್ದಳು.

ಮುಸ್ಸಂಜೆ ಕರೆಂಟು ಹೋಯಿತು. ಮೊಂಬತ್ತಿ ಹಚ್ಚಿ, ಪುಟ್ಟನನ್ನು ತೊಡೆಯ ಮೇಲೆ ಕೂರಿಸಿಕೊಂಡು ರಾಗಿಸರಿ ತಿನ್ನಿಸತೊಡಗಿದಳು. ಅವನು ಮುಖ ತಿರುಗಿಸಿ ಉಗಿದ. ಅವಳು ತಲೆಯೆತ್ತಿದಳು. ಗೋಡೆಯ ಮೇಲಿನ ಮಗು ತನ್ನ ತಾಯಿಯನ್ನೇ ನೋಡುತ್ತಿತ್ತು, ಲೋಕದಲ್ಲಿ ಬೇರೇನೂ ಇಲ್ಲವೆಂಬಂತೆ. ಎಂಥ ಪುಣ್ಯವಂತೆ ಇವಳು! ಲತಾಮಣಿಯ ಎದೆಯಲ್ಲಿ ಕಿಡಿ ಬಿದ್ದಂತಾಯಿತು.

ಆಗ ವಾಸನೆ ಬಂತು. ಎಣ್ಣೆಬಣ್ಣದ ಹಸಿ ವಾಸನೆ, ಈಗಷ್ಟೇ ಬಳಿದಂತೆ. ತೊಡೆಯ ಮೇಲೆ ಪುಟ್ಟ ತಣ್ಣಗಾಗಿದ್ದ. ಗಟ್ಟಿಯಾಗಿದ್ದ. ಕೆನ್ನೆ ಸವರಿದಳು. ಬೆರಳಿಗೆ ಬಣ್ಣ ಅಂಟಿತು.

ಗೋಡೆಯ ಮೇಲೆ ಒಂದು ಮಗು ಬಿಕ್ಕಿತು. ಆ ಬಿಕ್ಕು ಅವಳಿಗೆ ಗೊತ್ತಿತ್ತು.

ಬೊಟ್ಟು. ಬೊಟ್ಟು ಇಡಬೇಕು. ದೃಷ್ಟಿಯನ್ನೇ ನಂಬದವಳ ಮನೆಯಲ್ಲಿ ಕಾಡಿಗೆ ಎಲ್ಲಿಯದು? ರಾಗಿಸರಿಯ ಚಮಚವನ್ನೇ ಮೊಂಬತ್ತಿಯ ಉರಿಗೆ ಹಿಡಿದಳು. ಮಸಿ ಕಟ್ಟಿತು. ಬೆರಳೊತ್ತಿದಳು. ಚರ್ಮ ಸುಟ್ಟಿತು. ಪುಟ್ಟನನ್ನು ಚಾಪೆಯ ಮೇಲೆ ಮಲಗಿಸಿ ಓಡಿದಳು. ಚಿತ್ರದ ಕೆನ್ನೆ ಮೆತ್ತಗಿತ್ತು. ಬೆಚ್ಚಗಿತ್ತು. ತುಟಿಗೆ ರಾಗಿ ಮೆತ್ತಿತ್ತು. ಒತ್ತಿದಳು.

ಕರೆಂಟು ಬಂತು. ಚಾಪೆಯ ಮೇಲೆ ಪುಟ್ಟ ಚೀರಿ ಅಳುತ್ತಿದ್ದ. ಬಾಚಿ ಎತ್ತಿಕೊಂಡಳು. ಅವನು ಕೊಸರಾಡಿ, ಅವಳ ಹೆಗಲ ಮೇಲಿಂದ ಗೋಡೆಯತ್ತ ಎರಡೂ ಕೈ ಚಾಚಿದ.

"ಅಮ್ಮ," ಎಂದ, ಬಿಡಿಸಿ, ಸ್ಪಷ್ಟವಾಗಿ.

ಈಗ ದಿನಾ ಮುಸ್ಸಂಜೆ ಆ ಬೊಟ್ಟನ್ನು ಲತಾಮಣಿಯೇ ತಿದ್ದುತ್ತಾಳೆ, ನೀಲಿ ಹೊದಿಕೆಯವಳ ಮುಖ ನೋಡದೆ. ಪುಟ್ಟನಿಗೆ ಮಾತು ಚೆನ್ನಾಗಿ ಬಂದಿದೆ. ಅವಳನ್ನು ಅವನು "ಆಂಟಿ" ಅನ್ನುತ್ತಾನೆ.