ರಾಜನ ಬೆಳ್ಳಿ ಸರ

ಇಪ್ಪತ್ತೆರಡು ವರ್ಷ ವಿನಾಂಡ್ ಊರಿನ ವಾರ್ಷಿಕ ಪಂದ್ಯದಲ್ಲಿ ಕಂಬದ ತುದಿಗೆ ಕೂರಿಸಿದ ಆ ಮರದ ಗೊಂಬೆ ಹಕ್ಕಿಗೆ ಗುರಿಯಿಟ್ಟಿದ್ದ. ಇಪ್ಪತ್ತೆರಡು ವರ್ಷವೂ ಅದು ಬೇರೆಯವರ ಗುಂಡಿಗೇ ಬಿತ್ತು. ಬೀಳಿಸಿದವನು ಆ ವರ್ಷದ ರಾಜ. ಬಂದೂಕು ಸಂಘದ ಬೆಳ್ಳಿ ಸರ ಅವನ ಕೊರಳಿಗೆ, ಅವನ ಹೆಸರಿನ ಪದಕವೊಂದು ಆ ಸರಕ್ಕೆ. ಕಳೆದ ಸಲ ಏಳು ಗುಂಡು ಹೊಡೆದು ಹಕ್ಕಿಯನ್ನು ಸಡಿಲ ಮಾಡಿದವನು ವಿನಾಂಡ್. ಎಂಟನೆಯದನ್ನು ಹೊಡೆದು ರಾಜನಾದವನು ಲಾಂಬರ್ಟ್. “ಅರ್ಧ ಕೆಲಸ ನೀನೇ ಮಾಡಿಟ್ಟಿದ್ದೆ ಕಣೋ” ಎಂದು ಬೆನ್ನು ಬೇರೆ ತಟ್ಟಿದ್ದ.

ಜುಲೈನಲ್ಲಿ ಐಫೆಲ್ ಬೆಟ್ಟಗಳ ಮೇಲೆ ಎರಡು ದಿನ ಬಿಡದೆ ಮಳೆ ಸುರಿಯಿತು. ಬಾತುಕೋಳಿಗೂ ಸಾಲದಿದ್ದ ಹೊಳೆ ಒಂದೇ ಸಂಜೆಗೆ ಬೀದಿಗೆ ನುಗ್ಗಿ ಏಳು ಮನೆ, ಎರಡು ಸೇತುವೆ, ಪಾದ್ರಿಯ ಕಾರನ್ನು ಒಯ್ದಿತು. ಯಾರೂ ಸಾಯಲಿಲ್ಲ, ಹಾಗಾಗಿ ಕಾಣೆಯಾದ ಸರಕ್ಕಾಗಿ ಅಳಲು ಎಲ್ಲರಿಗೂ ಪುರುಸೊತ್ತಿತ್ತು. ಸರವನ್ನಿಡುತ್ತಿದ್ದದ್ದು ಹೊಳೆದಂಡೆಯ ಸಂಘದ ಕಟ್ಟಡದಲ್ಲಿ, ಅದರ ಬೀಗದ ಕೈ ಇದ್ದದ್ದು ವಿನಾಂಡ್ ಬಳಿ. ಬೆಳಿಗ್ಗೆ ಅವನೇ ಮೊದಲು ಒಳಹೊಕ್ಕ. ಮಗುಚಿದ ಬೀರುವಿನೊಳಗೆ ಸರ ಸುಖವಾಗಿ ಮಲಗಿತ್ತು. ಅದನ್ನು ಜೇಬಿಗಿಳಿಸಿ, ಬೀರುವಿನ ಬಾಗಿಲು ಕಿತ್ತು, ನೀರು ಕೊಚ್ಚಿಕೊಂಡು ಹೋಯಿತೆಂದು ಮುಖ ಸಣ್ಣದು ಮಾಡಿಕೊಂಡು ಹೇಳಿದ.

ಮಾರುವ ಯೋಚನೆ ಅವನಿಗಿರಲಿಲ್ಲ. ಅಷ್ಟು ಅಗ್ಗದ ಮನುಷ್ಯನಲ್ಲ. ಗುಂಡು ಹೊಡೆಯುವ ಮೈದಾನವೇ ಕೊಚ್ಚಿಹೋಗಿತ್ತು. ಸರ ಹುಡುಕಿಕೊಟ್ಟವನೇ ಈ ವರ್ಷದ ರಾಜ ಎಂದು ಸಂಘ ತೀರ್ಮಾನಿಸಿದರೆ ಸಾಕಿತ್ತು. ಆ ಮಾತನ್ನು ಪಾದ್ರಿಯ ಕಿವಿಗೆ ಹಾಕಿದ. ಮೂರನೆಯ ದಿನ ಅದು ಪಾದ್ರಿಯದೇ ಯೋಚನೆಯಾಗಿ ಹೊರಬಂತು, ಸಂಘ ಒಪ್ಪಿತು.

ಸರವನ್ನು ಕೆಸರಿನಲ್ಲಿ ಅದ್ದಿ, ಒಣಗಿಸಿ, ಮತ್ತೆ ಅದ್ದಿದ. ಎರಡು ಕೊಂಡಿ ಬಗ್ಗಿಸಿದ. ಪ್ರವಾಹ ಯಾವುದನ್ನೂ ಪೂರ್ತಿ ಹಿಂದಿರುಗಿಸುವುದಿಲ್ಲವಲ್ಲ, ಒಂದು ಪದಕ ಕಿತ್ತೆಸೆದ. ಅದು ಲಾಂಬರ್ಟ್‌ನದಾಗಿದ್ದುದು ಕಾಕತಾಳೀಯವೇನಲ್ಲ. ಜಾಗವನ್ನೂ ಪ್ರೇಕ್ಷಕರಿಗೆ ತಕ್ಕಂತೆ ಆರಿಸಿದ: ಕೆಸರು ಬಾಚಲು ಬಂದವರಿಗೆ ಊರಿನ ಹೆಂಗಸು ಟ್ರೌಡೆ ಆಲೂಗಡ್ಡೆ ಸಾರು ಬಡಿಸುತ್ತಿದ್ದ ಹುಲ್ಲುಗಾವಲು. ಊಟದ ಹೊತ್ತಿಗೆ ಊರೆಲ್ಲ ಅಲ್ಲಿ, ಪತ್ರಿಕೆಯ ಫೋಟೋದವಳೂ ಅಲ್ಲಿ. ದಡದ ಮರದ ಬೇರುಗಳ ನಡುವೆ ಸರವನ್ನು ಸಿಕ್ಕಿಸಿಟ್ಟ.

ಶನಿವಾರ ಮಧ್ಯಾಹ್ನ ತಟ್ಟೆ ಕೆಳಗಿಟ್ಟು, “ಇಲ್ಲೇನೋ ಸಿಕ್ಕೊಂಡಿದೆ, ಬನ್ನಿ” ಎಂದ. ಚಪ್ಪಾಳೆ ಬಿತ್ತು. ಟ್ರೌಡೆ ಸೌಟು ಹಿಡಿದೇ ಅಪ್ಪಿಕೊಂಡಳು. ಲಾಂಬರ್ಟ್ ತನ್ನ ತೋಳಿನಿಂದಲೇ ಕೆಸರು ಒರೆಸಿ ಸರವನ್ನು ಅವನ ಕೊರಳಿಗೆ ಹಾಕಿದ, ಕಣ್ಣು ಒದ್ದೆಯಾಗಿತ್ತು. ಇಪ್ಪತ್ತೆರಡು ವರ್ಷದ ಭಾರ ವಿನಾಂಡ್‌ನ ಎದೆಯ ಮೇಲೆ ತಣ್ಣಗೆ ಕೂತಿತು.

ಲಾಂಬರ್ಟ್ ಮಾತ್ರ ಬೇರುಗಳನ್ನೇ ನೋಡುತ್ತ ನಿಂತ. ಆಮೇಲೆ, “ಅಲ್ಲ ವಿನಾಂಡ್, ಇದು ಇಲ್ಲಿಗೆ ನಡಕೊಂಡು ಬಂತಾ?” ಎಂದು ಮೆಲ್ಲಗೆ ಕೇಳಿ, ಕೈಯಲ್ಲಿದ್ದ ಬ್ರೆಡ್ಡಿನ ತುಂಡನ್ನು ಹೊಳೆಗೆಸೆದ. ಎಲ್ಲರ ಕಣ್ಣೆದುರು ಆ ತುಂಡು ಎಂದಿನಂತೆ ಇಳಿಜಾರಿನ ಕಡೆಗೆ, ಒಂದು ಕಿಲೋಮೀಟರ್ ಕೆಳಗಿದ್ದ ಸಂಘದ ಕಟ್ಟಡದ ದಿಕ್ಕಿಗೆ, ತೇಲಿಕೊಂಡು ಹೋಯಿತು.